ಹತ್ತನೆಯ ತಾರೀಖಿನ ಲೆಕ್ಕ

ಕಳೆದ ಏಪ್ರಿಲ್ ತಿಂಗಳಿನಲ್ಲಿ ನನ್ನ ತಂಗಿಯ ಮಗಳು ಬೆಂಗಳೂರಿನಿಂದ ದೂರವಾಣಿ ಮಾಡಿ, "ಮಾವ, ಅಮ್ಮನ ಅಂಚೆ ಕಚೇರಿ ಪಾಸ್‌ಬುಕ್ ನೋಡಿದೆ. ಬಡ್ಡಿ ವರ್ಷಕ್ಕೆ ಒಂದೇ ಸಲ ಹಾಕಿದ್ದಾರೆ. ಅದರಲ್ಲೂ ಒಂದು ತಿಂಗಳದ್ದು ನುಂಗಿಬಿಟ್ಟಿದ್ದಾರೆ" ಎಂದು ದೂರಿದಳು. ಕಾಫಿ ಮಾರಿ ಬಂದ 20,000 ರೂಪಾಯಿಯನ್ನು ನನ್ನ ತಂಗಿ ಡಿಸೆಂಬರ್ 14ರಂದು ಕಟ್ಟಿದ್ದಳು. ಅದಕ್ಕೆ ಮೊದಲು ಖಾತೆಯಲ್ಲಿದ್ದದ್ದು 500 ರೂಪಾಯಿ. ಡಿಸೆಂಬರ್ ತಿಂಗಳಿಗೆ ಆ 500ಕ್ಕೆ ಮಾತ್ರ ಬಡ್ಡಿ ಸಿಕ್ಕಿತ್ತು. ಹದಿನೆಂಟು ದಿನ ಅಲ್ಲೇ ಇದ್ದ 20,000ಕ್ಕೆ ಒಂದು ಕಾಸೂ ಇಲ್ಲ. ಯಾರೂ ನುಂಗಿಲ್ಲವೆಂದೂ, ನಾಲ್ಕು ದಿನ ಮುಂಚೆ ಕಟ್ಟಿದ್ದರೆ ಸುಮಾರು 67 ರೂಪಾಯಿ ಹೆಚ್ಚು ಸಿಗುತ್ತಿತ್ತೆಂದೂ ಹೇಳಿದೆ. ಆಕೆಗೆ ಸಮಾಧಾನವಾದಂತೆ ಕಾಣಲಿಲ್ಲ. ದೂರವಾಣಿ ಇಟ್ಟ ಮೇಲೆ ನನಗೂ ಸಮಾಧಾನವಿರಲಿಲ್ಲ. ಇದೇ ದೂರನ್ನು ನಾನು 1987ರಲ್ಲಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯಲ್ಲಿ ಕೇಳಿದ್ದೆ. ಕೇಳಿದವನನ್ನು ಗದರಿಸಿ ಕೂರಿಸಿದ್ದೆ.

ಆ ತರಗತಿಯಲ್ಲಿ ಕುಳಿತಿದ್ದವರಲ್ಲಿ ಹಲವರು ಇದನ್ನು ಓದುತ್ತಿರಬಹುದು. ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಆ ವರ್ಷ ಗಣಿತದ ಹುದ್ದೆ ಖಾಲಿ ಬಿದ್ದಿದ್ದರಿಂದ ಆ ಪಾಠವೂ ನನ್ನ ತಲೆಗೆ ಬಂದಿತ್ತು. ಜುಲೈ ತಿಂಗಳ ಮಳೆ. ಹೆಂಚಿನ ಮೇಲೆ ಬೀಳುವ ಸದ್ದಿನಲ್ಲಿ ನನ್ನ ದನಿ ಹಿಂದಿನ ಬೆಂಚಿಗೆ ಕೇಳಿಸುತ್ತಿರಲಿಲ್ಲ. ಸರಳ ಬಡ್ಡಿಯ ಪಾಠ. ಅಸಲನ್ನು ದರದಿಂದ ಗುಣಿಸಿ, ಕಾಲದಿಂದ ಗುಣಿಸಿ, ನೂರರಿಂದ ಭಾಗಿಸಿ ಎಂದು ಕಪ್ಪು ಹಲಗೆಯ ಮೇಲೆ ಬರೆದೆ. ಮಗ್ಗೆಯ ಆಚೆಗಿನ ಒಂದು ಸಣ್ಣ ಹಿಡುವಳಿಯ ಮನೆಯ ಹುಡುಗ ಎದ್ದು ನಿಂತು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತಂದಿದ್ದ ತನ್ನ ಅಜ್ಜಿಯ ಪಾಸ್‌ಬುಕ್ ತೆಗೆದು, "ಸಾರ್, ಇದರ ಲೆಕ್ಕ ಮಾಡೋಣ" ಎಂದ. ನಿಜವಾದ ಲೆಕ್ಕವೊಂದು ತರಗತಿಗೆ ಬಂತೆಂದು ನನಗೂ ಹುರುಪಾಯಿತು.

ಅದರಲ್ಲಿದ್ದ ವಿವರ ನನ್ನ ದಿನಚರಿಯಲ್ಲಿ ಇಂದಿಗೂ ಇದೆ. ಜನವರಿ 12ರಂದು ಖಾತೆ ತೆರೆದು 1,200 ರೂಪಾಯಿ ಜಮಾ. ಫೆಬ್ರವರಿ 27ರಂದು 600 ವಾಪಸು ಪಡೆದದ್ದು. ಎತ್ತು ಕೊಳ್ಳಲೆಂದು ತೆಗೆದ ಹಣ. ವ್ಯಾಪಾರ ಮುರಿದುಬಿತ್ತು. ಅಜ್ಜಿ ಮಾರ್ಚ್ 3ರಂದು ಅದೇ 600ನ್ನು ಮತ್ತೆ ಕಟ್ಟಿದರು. ಮೇ 20ರಂದು, ಮಳೆಗಾಲಕ್ಕೆ ಮುನ್ನ ಹೆಂಚು ಹೊದಿಸುವುದಕ್ಕೆ 900 ತೆಗೆದರು. ಉಳಿದ 300 ಜೂನ್ ಕೊನೆಯವರೆಗೂ ಹಾಗೆಯೇ ಇತ್ತು. ದರ ಆಗ ನೂರಕ್ಕೆ 5; 1980ರ ದಶಕದಲ್ಲಿ ದೇಶದ ಬ್ಯಾಂಕುಗಳ ಉಳಿತಾಯ ಖಾತೆಗಳಿಗೆಲ್ಲ ರಿಸರ್ವ್ ಬ್ಯಾಂಕು ನಿಗದಿ ಮಾಡಿದ್ದ ದರ ಅದು.

ಹುಡುಗರು ದಿನ ಎಣಿಸಿದರು. 1,200 ರೂಪಾಯಿ ಎಷ್ಟು ದಿನ, 600 ಎಷ್ಟು ದಿನ, 300 ಎಷ್ಟು ದಿನ ಎಂದು ಗುಣಿಸಿ ಕೂಡಿದರೆ 1,63,800 ಬಂತು. ಅದರ ನೂರಕ್ಕೆ ಐದನ್ನು 365ರಿಂದ ಭಾಗಿಸಿದರೆ 22 ರೂಪಾಯಿ 44 ಪೈಸೆ. ಮೂರು ಹುಡುಗಿಯರಿಗೆ ಒಂದೇ ಉತ್ತರ ಬಂದಾಗ ತಪ್ಪಿಲ್ಲವೆಂದು ಖಾತ್ರಿಯಾಯಿತು. ಪಾಸ್‌ಬುಕ್ಕಿನಲ್ಲಿ ಜೂನ್ ಕೊನೆಗೆ ಕೆಂಪು ಶಾಯಿಯಲ್ಲಿ ಬರೆದಿದ್ದುದು 15 ರೂಪಾಯಿ.

"ಬ್ಯಾಂಕಿನೋರು ನಮ್ಮಜ್ಜಿಗೆ ಮೋಸ ಮಾಡವ್ರೆ ಸಾರ್" ಎಂದ ಹುಡುಗ. ತರಗತಿ ಹೋ ಎಂದಿತು. ನಾನು ಏನು ಮಾಡಿದೆ? "ಸರ್ಕಾರದ ಬ್ಯಾಂಕು ಕಣೋ ಅದು, ನಿನ್ನ ಲೆಕ್ಕವೇ ತಪ್ಪಿರಬೇಕು, ಕೂತ್ಕೋ" ಎಂದೆ. ಹಲಗೆಯ ಮೇಲಿದ್ದ ಲೆಕ್ಕ ನನ್ನದೇ ಆಗಿತ್ತು. ಉತ್ತರ ಗೊತ್ತಿಲ್ಲದಾಗ ದನಿ ಏರಿಸುವುದು ಮೇಷ್ಟ್ರುಗಳ ಹಳೆಯ ರೋಗ.

ಆ ಶನಿವಾರ ಬ್ಯಾಂಕಿಗೆ ಹೋಗಿ ಕೇಳಿದೆ. ಕೌಂಟರಿನಲ್ಲಿದ್ದ ಗುಮಾಸ್ತರು ಸೌಜನ್ಯದಿಂದಲೇ ಲೆಡ್ಜರ್ ತೆರೆದು ತೋರಿಸಿದರು. ಪ್ರತಿ ತಿಂಗಳ 10ನೆಯ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತ ಯಾವುದೋ ಅದಕ್ಕಷ್ಟೇ ಆ ತಿಂಗಳ ಬಡ್ಡಿ. ಜನವರಿಯಲ್ಲಿ ಹಣ ಬಂದದ್ದು 12ಕ್ಕೆ, ಆದ್ದರಿಂದ ಆ ತಿಂಗಳಿಗೆ ಸೊನ್ನೆ. ಫೆಬ್ರವರಿಯಲ್ಲಿ 27ರಂದು 600ಕ್ಕೆ ಇಳಿಯಿತು, ಹಾಗಾಗಿ ಇಡೀ ತಿಂಗಳಿಗೆ 600. ಮಾರ್ಚ್, ಏಪ್ರಿಲ್ ತಲಾ 1,200. ಮೇ ತಿಂಗಳಲ್ಲಿ ಹತ್ತೊಂಬತ್ತು ದಿನ 1,200 ಇದ್ದರೂ ಲೆಕ್ಕಕ್ಕೆ 300. ಜೂನ್ 300. ಒಟ್ಟು 3,600, ಅದಕ್ಕೆ ಒಂದು ತಿಂಗಳ ಬಡ್ಡಿ ಸರಿಯಾಗಿ 15 ರೂಪಾಯಿ. ಎತ್ತಿನ ವ್ಯಾಪಾರಕ್ಕಾಗಿ 600 ರೂಪಾಯಿ ನಾಲ್ಕೇ ನಾಲ್ಕು ದಿನ ಹೊರಗಿತ್ತು. ನ್ಯಾಯವಾಗಿ ಹೋಗಬೇಕಾದದ್ದು 33 ಪೈಸೆ. ಹೋದದ್ದು ಎರಡೂವರೆ ರೂಪಾಯಿ. ಫೆಬ್ರವರಿ 27ರ ಬದಲು ಮಾರ್ಚ್ 1ರಂದು ತೆಗೆದು 3ಕ್ಕೆ ಕಟ್ಟಿದ್ದರೆ ಒಂದು ಪೈಸೆಯೂ ಹೋಗುತ್ತಿರಲಿಲ್ಲ.

ನನ್ನ ಸ್ವಂತ ಪಾಸ್‌ಬುಕ್ಕನ್ನು ಅಂದು ರಾತ್ರಿ ಲಾಟೀನಿನ ಮುಂದಿಟ್ಟುಕೊಂಡು ನೋಡಿದೆ. ಸಂಬಳ ಕೈಗೆ ಬಂದ ಮೇಲೆ ಉಳಿದದ್ದನ್ನು ಸಂತೆಗೆ ಹೋಗುವ ದಿನ ನೋಡಿ, 12 ಅಥವಾ 13ನೆಯ ತಾರೀಖಿಗೆ ಕಟ್ಟುವುದು ನನ್ನ ರೂಢಿ. ತಿಂಗಳ ಕೊನೆಗೆ ಕೈ ಖಾಲಿಯಾದಾಗ ಸ್ವಲ್ಪ ತೆಗೆಯುವುದು. ಈ ಎರಡು ಅಭ್ಯಾಸ ಕೂಡಿದರೆ ಬಡ್ಡಿ ಎಷ್ಟಾದೀತೆಂದು ಊಹಿಸಿಕೊಳ್ಳಿ. ಬಿ.ಎಡ್. ಓದಿದವನ ಪಾಡು ಅದು.

ಸೋಮವಾರ ತರಗತಿಯಲ್ಲಿ ತಪ್ಪೊಪ್ಪಿಕೊಂಡೆ. ಅಷ್ಟಕ್ಕೇ ಮನಸ್ಸು ಕೇಳದೆ, ಸಂಜೆ ಹುಡುಗನ ಜೊತೆ ಅವರ ಮನೆಗೂ ಹೋದೆ. ಅಜ್ಜಿಯ ದೂರು ಬೇರೆಯೇ ಇತ್ತು. "ನೂರಕ್ಕೆ ಐದು ಅಂದಿದ್ರಲ್ಲ ಮೇಷ್ಟ್ರೆ, ಸಾವಿರದ ಇನ್ನೂರಕ್ಕೆ ತಿಂಗಳಿಗೆ ಅರವತ್ತು ಬರಬ್ಯಾಡ್ವಾ?" ಎಂದರು. ನಮ್ಮ ಕಡೆ ಬಡ್ಡಿಯ ಮಾತೆಂದರೆ ತಿಂಗಳಿನ ಮಾತು. "ಮೂರು ರೂಪಾಯಿ ಬಡ್ಡಿ" ಎಂದರೆ ನೂರು ರೂಪಾಯಿಗೆ ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು. ಬ್ಯಾಂಕಿನ ಫಲಕದ ಮೇಲಿನ ಐದು ವರ್ಷದ ಐದು ಎಂಬುದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಅದನ್ನು ಕೇಳಿ ಆಕೆ ನಕ್ಕರು. ಹತ್ತನೆಯ ತಾರೀಖಿನ ನಿಯಮವನ್ನು ಹೇಳಿದಾಗ ಮಾತ್ರ ನಗಲಿಲ್ಲ. "ಹಂಗಾದ್ರೆ ಜನವರೀಲಿ ಇಪ್ಪತ್ತು ದಿನ ನನ್ನ ದುಡ್ಡು ಅವ್ರ ಮನೇಲಿ ಪುಕ್ಕಟೆ ಗೇಯ್ತು ಅನ್ನಿ" ಎಂದರು. ಪ್ರಾಯದಲ್ಲಿ ತೋಟದ ಕೂಲಿಗೆ ಹೋಗಿ ಬಟವಾಡೆಯ ದಿನ ಸಾಲಿನಲ್ಲಿ ನಿಂತವರು ಅವರು. ಗೆಯ್ಮೆಗೆ ಕೂಲಿ ತಪ್ಪುವುದೆಂದರೇನೆಂದು ಅವರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ.

ಆ ಮಾತು ತಲೆಯೊಳಗೆ ಕೂತು, ಈ ಬಡ್ಡಿಯೆಂಬುದು ನಮ್ಮಲ್ಲಿ ನಡೆದು ಬಂದ ದಾರಿಯನ್ನು ಬಿಡುವಿದ್ದಾಗಲೆಲ್ಲ ಹುಡುಕುವಂತೆ ಮಾಡಿತು. ಬಡ್ಡಿ ಎಂಬ ಪದವೇ ಸಂಸ್ಕೃತದ ವೃದ್ಧಿ ಪ್ರಾಕೃತದ ಬಾಯಿಂದ ಹಾದು ಬಂದ ರೂಪ. ಅಸಲು ಅರಬ್ಬಿಯಿಂದ ಬಂದದ್ದು. ಸಾಲದ ಪತ್ರದಲ್ಲಿ ಎರಡೂ ಅಕ್ಕಪಕ್ಕ ಕೂತು ಒಂದೇ ಮನೆಯವರಂತೆ ಕಾಣುತ್ತವೆ. ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟವನ್ನು ಒಮ್ಮೆ ತಿರುವಿ ಹಾಕಿದ್ದೆ. ಹೊಯ್ಸಳರ ಕಾಲದ ಕನ್ನಡ ಶಾಸನಗಳಲ್ಲಿ ಗದ್ಯಾಣಗಳನ್ನು ಊರಿನ ಮಹಾಜನರ ಕೈಯಲ್ಲೋ ಸೆಟ್ಟಿಗಳ ಕೈಯಲ್ಲೋ ಇಟ್ಟು, ಅಸಲನ್ನು ಮುಟ್ಟದೆ ಬಡ್ಡಿಯಿಂದ ನಂದಾದೀಪದ ಎಣ್ಣೆಯನ್ನೋ ಹೂವನ್ನೋ ನಡೆಸಬೇಕೆಂದು ವಿಧಿಸುವುದುಂಟು. ಕಲ್ಲಿನ ಮೇಲೆ ಬರೆದ ಠೇವಣಿ. ಇಲ್ಲಿ ಗಮನಿಸಬೇಕಾದದ್ದು, ಬಡ್ಡಿ ಯಾವಾಗ ಬರಬೇಕೆಂಬುದನ್ನು ದೀಪವೇ ನಿರ್ಧರಿಸುತ್ತಿತ್ತು. ಹತ್ತನೆಯ ತಾರೀಖಿನವರೆಗೆ ಕತ್ತಲೆಯಲ್ಲಿರಿ ಎಂದು ದೇವರಿಗೆ ಹೇಳುವಂತಿರಲಿಲ್ಲ.

ಇದು ದೊಡ್ಡವರ ಮಾತಾಯಿತು. ಸಾಮಾನ್ಯರ ಮನೆಯಲ್ಲಿ ಬಡ್ಡಿ ಕೊಡುವುದಿತ್ತೇ ಹೊರತು ಪಡೆಯುವುದಿರಲಿಲ್ಲ. ನಮ್ಮ ತಾತನ ಕಾಲಕ್ಕೆ ಆಷಾಢದಲ್ಲಿ ಒಂದು ಖಂಡುಗ ಭತ್ತ ತಂದವರು ಸುಗ್ಗಿಯಲ್ಲಿ ಒಂದೂಕಾಲು ಖಂಡುಗ ಅಳೆಯುತ್ತಿದ್ದರಂತೆ. ಇಪ್ಪತ್ತು ಕೊಳಗಕ್ಕೆ ಇಪ್ಪತ್ತೈದು, ಅದೂ ಆರು ತಿಂಗಳಿಗೆ. ಬಡವನೂ ಬಡ್ಡಿ ಪಡೆಯಬಹುದೆಂಬ ವಿಚಾರ ಹೊಸದು. ಇಂಗ್ಲೆಂಡಿನಲ್ಲಿ 1861ರಲ್ಲಿ ಗ್ಲಾಡ್‌ಸ್ಟನ್ ಅರ್ಥಸಚಿವರಾಗಿದ್ದಾಗ ಅಂಚೆ ಕಚೇರಿಯ ಉಳಿತಾಯ ಬ್ಯಾಂಕಿನ ಕಾಯಿದೆ ಬಂತು. ದರ ನೂರಕ್ಕೆ ಎರಡೂವರೆ. ಪೂರ್ತಿ ಒಂದು ಪೌಂಡಿಗಿಂತ ಕಡಿಮೆ ಇದ್ದರೆ ಬಡ್ಡಿಯಿಲ್ಲ, ಮತ್ತು ಕಟ್ಟಿದ ಹಣಕ್ಕೆ ಬಡ್ಡಿ ಶುರುವಾಗುವುದು ಮುಂದಿನ ತಿಂಗಳ ಮೊದಲ ದಿನದಿಂದ. ನಮ್ಮ ಹತ್ತನೆಯ ತಾರೀಖಿನ ಹಿರಿಯಣ್ಣ ಇಲ್ಲೇ ಕೂತಿದ್ದಾನೆ. ಭಾರತದಲ್ಲಿ ಮೊದಲು ಪ್ರೆಸಿಡೆನ್ಸಿ ನಗರಗಳಲ್ಲಿ ಸರ್ಕಾರಿ ಉಳಿತಾಯ ಬ್ಯಾಂಕುಗಳಿದ್ದವು. 1873ರಲ್ಲಿ ಸರ್ಕಾರಿ ಉಳಿತಾಯ ಬ್ಯಾಂಕುಗಳ ಕಾಯಿದೆಯಾಯಿತು, 1882ರ ಏಪ್ರಿಲ್ 1ರಂದು ಅಂಚೆ ಕಚೇರಿಯ ಉಳಿತಾಯ ಬ್ಯಾಂಕು ಆರಂಭವಾಯಿತು. ಮೈಸೂರು ಸಂಸ್ಥಾನಕ್ಕೆ ಆಗ ತನ್ನದೇ ಅಂಚೆಯಿತ್ತು; ಅದು ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿದ್ದು 1889ರಲ್ಲಿ.

ನಮ್ಮ ಕಡೆಯ ಹಿರಿಯರಿಗೆ ಬ್ಯಾಂಕೆಂದರೆ ಮೈಸೂರು ಬ್ಯಾಂಕ್. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1913ರ ಅಕ್ಟೋಬರ್ 2ರಂದು ಹುಟ್ಟಿ, 1960ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಗಿ, 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಘಟ್ಟದ ಕೆಳಗೆ ಇನ್ನೂ ಚುರುಕು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ ನಿಧಿ ಕೆನರಾ ಬ್ಯಾಂಕಾಯಿತು. 1925ರಲ್ಲಿ ಉಡುಪಿಯಲ್ಲಿ ಟಿ. ಎಂ. ಎ. ಪೈ ಮತ್ತು ಸಂಗಡಿಗರು ಆರಂಭಿಸಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿತು. ಅವರು 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದರು. ದಿನಕ್ಕೆ ಎರಡಾಣೆಯಾದರೂ ಸರಿ, ಬ್ಯಾಂಕಿನ ಮನುಷ್ಯನೇ ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದ. ನನ್ನ ದೃಷ್ಟಿಯಲ್ಲಿ ಕನ್ನಡ ನಾಡು ಬ್ಯಾಂಕಿಂಗ್ ಲೋಕಕ್ಕೆ ಕೊಟ್ಟ ದೊಡ್ಡ ವಿಚಾರ ಇದು. ದಿನಗೂಲಿಯವನ ಹಣ ದಿನದಿನ ಬರುತ್ತದೆ, ದಿನದಿನವೇ ಕರಗುತ್ತದೆ ಎಂಬುದನ್ನು ಅರಿತು ಮಾಡಿದ ಏರ್ಪಾಡು. ತಿಂಗಳ ಹತ್ತನೆಯ ತಾರೀಖಿನ ನಿಯಮವೋ, ತಿಂಗಳ ಮೊದಲಿಗೆ ಸಂಬಳ ಎಣಿಸುವವನನ್ನು ಮನಸ್ಸಿನಲ್ಲಿಟ್ಟುಕೊಂಡಂತಿದೆ.

ನಮ್ಮ ಮಲೆನಾಡಿನ ಬೆಳೆಗಾರನದು ಮತ್ತೊಂದು ಬಗೆ. 1940ರ ದಶಕದಿಂದ 1990ರ ದಶಕದವರೆಗೆ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಹಣ ಕಂತುಕಂತಾಗಿ, ಮಂಡಳಿಗೆ ಅನುಕೂಲವಾದಾಗ ಬರುತ್ತಿತ್ತು. ಅದಕ್ಕೆ ಹತ್ತನೆಯ ತಾರೀಖಿನ ಪರಿವೆಯೇನು? 15ಕ್ಕೆ ಬಂದ ಕಂತನ್ನು ಬ್ಯಾಂಕಿಗೆ ಹಾಕಿ, 28ಕ್ಕೆ ಗೊಬ್ಬರಕ್ಕೆ ತೆಗೆದರೆ ಅದು ಬ್ಯಾಂಕಿಗೆ ಬಂದದ್ದೇ ಸುಳ್ಳೆಂಬಂತೆ ಲೆಕ್ಕ.

ಹಾಗಾದರೆ ಆ ನಿಯಮ ದುರುದ್ದೇಶದ್ದೇ? ಹಾಗೆನ್ನಲಾರೆ. ಕಂಪ್ಯೂಟರ್ ಇಲ್ಲದ ಕಾಲವನ್ನು ನೆನೆಯಿರಿ. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಪಟ್ಟಣದಲ್ಲಿ ಒಂದು ಶಾಖೆ ಬೇಕಾದರೆ ಬ್ಯಾಂಕಿಲ್ಲದ ಗ್ರಾಮಾಂತರದಲ್ಲಿ ನಾಲ್ಕು ತೆರೆಯಬೇಕೆಂದು 1977ರಲ್ಲಿ ನಿಯಮವಾಯಿತು. ಹಳ್ಳಿಹಳ್ಳಿಗೆ ಶಾಖೆಗಳು ಬಂದವು, ಖಾತೆಗಳು ಬೆಳೆದವು. ಆದರೆ ಪ್ರತಿ ಖಾತೆಗೂ ದಪ್ಪ ಲೆಡ್ಜರಿನಲ್ಲಿ ಒಂದು ಪುಟ, ಬರೆಯುವ ಕೈ ಒಂದೋ ಎರಡೋ. ದಿನದಿನದ ಬಾಕಿಗೆ ಬಡ್ಡಿ ಹಾಕಬೇಕಾದರೆ ನಮ್ಮ ಹುಡುಗರು ಒಂದು ಪೂರ್ತಿ ಪೀರಿಯಡ್ ತೆಗೆದುಕೊಂಡ ಲೆಕ್ಕವನ್ನು ಅವರು ಸಾವಿರಾರು ಸಲ ಮಾಡಬೇಕಿತ್ತು. ತಿಂಗಳಿಗೊಂದು ಸಂಖ್ಯೆ ಆರಿಸಿ, ಆರು ಸಂಖ್ಯೆ ಕೂಡಿ, ಒಮ್ಮೆ ಗುಣಿಸಿದರೆ ಅರ್ಧ ವರ್ಷದ ಕೆಲಸ ಮುಗಿಯುತ್ತಿತ್ತು. ಅರ್ಧವಾರ್ಷಿಕ ಲೆಕ್ಕ ಮುಗಿಸುವ ದಿನಗಳಲ್ಲಿ ಬ್ಯಾಂಕಿನ ಕಿಟಕಿಯಲ್ಲಿ ರಾತ್ರಿಯೂ ದೀಪ ಕಾಣುತ್ತಿದ್ದುದನ್ನು ನಾನೇ ಬಲ್ಲೆ. ಕೈಲೆಕ್ಕದ ಕಷ್ಟಕ್ಕಾಗಿ ಹುಟ್ಟಿದ ನಿಯಮ. ಅದರ ಖರ್ಚು ಮಾತ್ರ ಅಜ್ಜಿಯ ಖಾತೆಗೆ ಬಿತ್ತು.

ನನ್ನ ತಕರಾರು ಇರುವುದು ಮುಂದಿನದರ ಬಗ್ಗೆ. ರಂಗರಾಜನ್ ಸಮಿತಿಯ ವರದಿ 1984ರಲ್ಲೇ ಬ್ಯಾಂಕುಗಳಲ್ಲಿ ಯಂತ್ರಗಣನೆಗೆ ದಾರಿ ಹಾಕಿತ್ತು. ತೊಂಬತ್ತರ ದಶಕದಲ್ಲಿ ಕಂಪ್ಯೂಟರುಗಳು ಬಂದವು, ಲೆಡ್ಜರುಗಳು ಅಟ್ಟ ಸೇರಿದವು. ಕ್ಷಣಮಾತ್ರದಲ್ಲಿ ದಿನದ ಲೆಕ್ಕ ಹಾಕಬಲ್ಲ ಯಂತ್ರವನ್ನು ಇಟ್ಟುಕೊಂಡೂ ಹಳೆಯ ಹತ್ತನೆಯ ತಾರೀಖನ್ನು ಬ್ಯಾಂಕುಗಳು ಬಿಡಲಿಲ್ಲ. ಅದೇ ವೇಳೆಗೆ ದರವೂ ಇಳಿಯುತ್ತಿತ್ತು: 1992ರಲ್ಲಿ 6 ಆಗಿದ್ದುದು 1993ರಲ್ಲಿ 5, 1994ರಲ್ಲಿ 4.5, 2000ದಲ್ಲಿ 4, 2003ರ ಮಾರ್ಚ್‌ನಿಂದ 3.5. ಕೊನೆಗೆ 2009ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಪ್ರಕಟಿಸಿ, 2010ರ ಏಪ್ರಿಲ್ 1ರಿಂದ ವಾಣಿಜ್ಯ ಬ್ಯಾಂಕುಗಳು ಪ್ರತಿದಿನದ ಬಾಕಿಯ ಮೇಲೆ ಬಡ್ಡಿ ಲೆಕ್ಕ ಹಾಕುವಂತಾಯಿತು. ಎಂದರೆ, ನಮ್ಮ ಒಂಬತ್ತನೆಯ ತರಗತಿ ಹಲಗೆಯ ಮೇಲೆ ಮಾಡಿದ ಲೆಕ್ಕ ಇಪ್ಪತ್ತಮೂರು ವರ್ಷ ಕಳೆದು ದೇಶದ ಕ್ರಮವಾಯಿತು.

ಆನಂತರದ ಬದಲಾವಣೆಗಳನ್ನು ಬೇಗ ಹೇಳಿಬಿಡುತ್ತೇನೆ. 2011ರ ಮೇ ತಿಂಗಳಲ್ಲಿ ದರ 4ಕ್ಕೆ ಏರಿತು. ಅದೇ ವರ್ಷದ ಅಕ್ಟೋಬರ್ 25ರಂದು, ಸುಬ್ಬರಾವ್ ಅವರು ಗವರ್ನರ್ ಆಗಿದ್ದಾಗ, ರಿಸರ್ವ್ ಬ್ಯಾಂಕು ದರ ನಿಗದಿ ಮಾಡುವುದನ್ನೇ ಕೈಬಿಟ್ಟು ಅದನ್ನು ಆಯಾ ಬ್ಯಾಂಕಿಗೆ ಒಪ್ಪಿಸಿತು. ಒಂದು ಲಕ್ಷದವರೆಗಿನ ಬಾಕಿಗೆ ಒಂದು ಬ್ಯಾಂಕು ಎಲ್ಲರಿಗೂ ಒಂದೇ ದರ ಕೊಡಬೇಕೆಂಬುದಷ್ಟೇ ಕಟ್ಟಳೆ. 2016ರಿಂದ ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆಯಾದರೂ ಖಾತೆಗೆ ಜಮಾ ಮಾಡಬೇಕು. ಲೆಕ್ಕ ಹಾಕುವುದು ದಿನದಿನ, ಕೈಗೆ ಕೊಡುವುದು ತ್ರೈಮಾಸಿಕ. ಇವೆರಡು ಬೇರೆಬೇರೆ ಎಂಬುದನ್ನು ಬಹಳ ಜನ ಕಲಸಿಕೊಳ್ಳುತ್ತಾರೆ. ಕ್ರಮ ಸುಧಾರಿಸಿತು, ದರ ಮಾತ್ರ ಸೊರಗಿತು. 2025ರ ಜೂನ್‌ನಲ್ಲಿ ಸ್ಟೇಟ್ ಬ್ಯಾಂಕು ಉಳಿತಾಯ ಖಾತೆಯ ದರವನ್ನು 2.5ಕ್ಕೆ ಇಳಿಸಿತು. ಅಜ್ಜಿಯ ಅದೇ ವ್ಯವಹಾರಕ್ಕೆ ಆ ದರದಲ್ಲಿ ದಿನದ ಲೆಕ್ಕ ಹಾಕಿದರೆ 11 ರೂಪಾಯಿ 22 ಪೈಸೆ. ಅನ್ಯಾಯವೆನಿಸಿದ್ದ ಹಳೆಯ 15 ರೂಪಾಯಿಗಿಂತಲೂ ಕಡಿಮೆ! ಇತಿಹಾಸದ ಮೇಷ್ಟ್ರಿಗೆ ಇಂಥ ವಿನೋದಗಳು ಆಗಾಗ ಸಿಗುತ್ತವೆ.

ಇನ್ನು ಅಂಚೆ ಕಚೇರಿ. ಅಲ್ಲಿ ಉಳಿತಾಯ ಖಾತೆಯ ದರ 2011ರ ಡಿಸೆಂಬರ್‌ನಲ್ಲಿ ಮೂರೂವರೆಯಿಂದ 4 ಆಯಿತು. ಇಂದಿಗೂ ಅದೇ 4. ಆದರೆ ಹತ್ತನೆಯ ತಾರೀಖು ಅಲ್ಲಿ ಈಗಲೂ ಜೀವಂತ. ಹತ್ತರಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಬಾಕಿಗೆ ಬಡ್ಡಿ, ಆ ಬಾಕಿ 500ಕ್ಕಿಂತ ಕೆಳಗಿಳಿದರೆ ಆ ತಿಂಗಳಿಗೆ ಏನೂ ಇಲ್ಲ, ಜಮಾ ಆಗುವುದು ಹಣಕಾಸು ವರ್ಷದ ಕೊನೆಗೆ. ಸಾರ್ವಜನಿಕ ಭವಿಷ್ಯ ನಿಧಿಗೆ, ಅಂದರೆ ನೀವೆಲ್ಲ ಪಿಪಿಎಫ್ ಎನ್ನುವುದಕ್ಕೆ, ಹತ್ತರ ಬದಲು ಐದನೆಯ ತಾರೀಖು. ಬೆಂಗಳೂರಿನಲ್ಲಿ ಕುಳಿತು ಮಾರ್ಚ್ ಕೊನೆಗೆ ತೆರಿಗೆಯ ನೆನಪಾಗಿ ಅದಕ್ಕೆ ಹಣ ಕಟ್ಟುವ ನನ್ನ ಶಿಷ್ಯರು ಇದನ್ನು ಗಮನಿಸಬೇಕು. ಏಪ್ರಿಲ್ 5ರೊಳಗೆ ಕಟ್ಟಿದವನಿಗೆ ಇಡೀ ವರ್ಷದ ಬಡ್ಡಿ, ಮಾರ್ಚ್ 30ಕ್ಕೆ ಕಟ್ಟಿದವನಿಗೆ ಆ ವರ್ಷದ್ದೇನೂ ಇಲ್ಲ.

ಅಜ್ಜಿ ಮುಂದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದರು. ಬ್ಯಾಂಕಿಗೆ ಹಣ ಕಟ್ಟುವುದಿದ್ದರೆ ಹತ್ತರೊಳಗೇ ಹೋಗುತ್ತಿದ್ದರು, ತೆಗೆಯುವುದಿದ್ದರೆ ಮುಂದಿನ ತಿಂಗಳು ಹುಟ್ಟಲಿ ಎಂದು ಕಾಯುತ್ತಿದ್ದರು. ಆಷಾಢದ ಮಳೆಯಲ್ಲಿ ಗೊರಬು ಹೊದ್ದು ಬಸ್ಸಿಗೆ ನಿಂತಿದ್ದುದನ್ನು ಒಮ್ಮೆ ಕಂಡು, ಇಂಥ ಮಳೆಯಲ್ಲಿ ಏಕೆ ಹೊರಟಿರೆಂದು ಕೇಳಿದರೆ, "ಇವತ್ತು ಒಂಬತ್ತಲ್ವಾ ಮೇಷ್ಟ್ರೆ" ಎಂದರು. 2010ರಲ್ಲಿ ಹೊಸ ಕ್ರಮ ಬಂದಾಗ ಅವರಿರಲಿಲ್ಲ. ಮೊಮ್ಮಗ ಆಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದ. ಪತ್ರಿಕೆಯ ತುಣುಕೊಂದನ್ನು ಕತ್ತರಿಸಿ ನನಗೆ ಅಂಚೆಯಲ್ಲಿ ಕಳಿಸಿದ್ದ. ಅದರ ಅಂಚಿನಲ್ಲಿ ಪೆನ್ನಿನಿಂದ, "ಸಾರ್, 22.44 ಕಳೆದು 15. ನಮ್ಮಜ್ಜಿಗೆ 7 ರೂಪಾಯಿ 44 ಪೈಸೆ ಬಾಕಿ" ಎಂದು ಬರೆದಿದ್ದ. ನಾನು ಗದರಿಸಿದ್ದನ್ನು ಬರೆದಿರಲಿಲ್ಲ.

ತಂಗಿಯ ಮಗಳಿಗೆ ಇದನ್ನೆಲ್ಲ ಮತ್ತೆ ದೂರವಾಣಿ ಮಾಡಿ ಹೇಳಿದೆ. ಮೆಣಸು ಮಾರಿದ ಹಣವನ್ನು ಆಕೆಯ ಅಮ್ಮ ಮೇ 8ರಂದೇ ಹೋಗಿ ಕಟ್ಟಿ ಬಂದಳಂತೆ.